ತಂಗಿಯರ ಮದುವೆ ಮಾಡಿ ಮದುವೆಯಾದವರು

ಗ್ರೀಸ್ ದೇಶದ ಪೌರತ್ವ ಹುಟ್ಟಿದ ನೆಲದಿಂದಲ್ಲ, ಹೆತ್ತವರಿಂದ ಬರುವಂಥದ್ದು. ತಂದೆ ಅಥವಾ ತಾಯಿ ಗ್ರೀಕ್ ಪೌರರಾಗಿದ್ದರೆ ಮಗು ಯಾವ ದೇಶದಲ್ಲಿ ಹುಟ್ಟಿದರೂ ಆ ಹಕ್ಕು ಅದಕ್ಕಿರುತ್ತದೆ. ಆದರೆ ಆ ಸಂಬಂಧವನ್ನು ಒಂದೊಂದು ತಲೆಮಾರಿಗೂ ಕಾಗದ ಇಟ್ಟು ತೋರಿಸಬೇಕಾಗುತ್ತದೆ. 2021ರಲ್ಲಿ ಮೆಲ್ಬರ್ನ್‌ನಲ್ಲಿ ನಮ್ಮ ಮಗಳು ಹುಟ್ಟಿದ ಮೇಲೆ ಅವಳ ಹೆಸರನ್ನು ಗ್ರೀಸ್‌ನ ದಾಖಲೆಗೆ ಸೇರಿಸಬೇಕೆಂದು ಗ್ರೀಕ್ ಮೂಲದ ನನ್ನ ಪತಿ ಆಸೆಪಟ್ಟರು. ಓಡಾಟ ನನ್ನ ಪಾಲಿಗೆ ಬಂತು. ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ, ಪಹಣಿ, ವಂಶವೃಕ್ಷ, ಪೌತಿ ಖಾತೆ ಎಂದು ಅಪ್ಪ ತಾಲ್ಲೂಕು ಕಚೇರಿಗೆ ಅಲೆಯುವುದನ್ನು ನೋಡುತ್ತಲೇ ಬೆಳೆದವಳಿಗೆ ಇದು ಕಷ್ಟದ ಕೆಲಸವಲ್ಲ ಎಂಬುದು ಮನೆಯವರೆಲ್ಲರ ಅಭಿಪ್ರಾಯವಾಗಿತ್ತು.

ಎಲ್ಲವೂ ನಿಂತಿದ್ದು ನನ್ನ ಪತಿಯ ಅಜ್ಜನ ಮೇಲೆ. ಅವರನ್ನು ಮನೆಯಲ್ಲಿ ಪಪ್ಪೂ ಎಂದೂ ಅಜ್ಜಿಯನ್ನು ಯಾಯಾ ಎಂದೂ ಕರೆಯುತ್ತಿದ್ದರು. ಮದುವೆಯಾದ ದಿನದಿಂದ ನಾನೂ ಹಾಗೆಯೇ ಕರೆದೆ. 2021ರಲ್ಲಿ ಪಪ್ಪೂ ಅವರಿಗೆ ಎಂಬತ್ತೇಳು ವರ್ಷ. ಎರಕದ ಕಾರ್ಖಾನೆಯಲ್ಲಿ ದಶಕಗಟ್ಟಲೆ ದುಡಿದು ಕಿವಿ ಮಂದವಾಗಿತ್ತು, ನೆನಪು ಮಾತ್ರ ಚುರುಕಾಗಿತ್ತು. ಅವರು ಹುಟ್ಟಿದ್ದು ಪೆಲೊಪೊನೀಸ್ ಪರ್ಯಾಯ ದ್ವೀಪದ ದಕ್ಷಿಣದಲ್ಲಿ, ತೈಗೆತೊಸ್ ಬೆಟ್ಟಸಾಲಿನ ಅಂಚಿಗಿರುವ ಮೆಸ್ಸೀನಿಯಾ ಸೀಮೆಯ ಒಂದು ಸಣ್ಣ ಹಳ್ಳಿಯಲ್ಲಿ. ಹಳ್ಳಿಯ ದಫ್ತರಗಳೆಲ್ಲ ಈಗ ಕಲಾಮಾತಾ ನಗರದ ಪುರಸಭೆಯಲ್ಲಿವೆ. 2011ರಲ್ಲಿ ಜಾರಿಗೆ ಬಂದ ಆಡಳಿತ ಸುಧಾರಣೆಯಲ್ಲಿ ಸಣ್ಣ ಪಂಚಾಯಿತಿಗಳನ್ನು ದೊಡ್ಡ ಪುರಸಭೆಗಳೊಂದಿಗೆ ವಿಲೀನಗೊಳಿಸಿದರು. ಹೀಗಾಗಿ ಮೊದಲ ಪತ್ರ ಬರೆದದ್ದು ಅಲ್ಲಿಗೆ. ಕೇಳಿದ್ದು ಪಪ್ಪೂ ಅವರ ಕುಟುಂಬ ಸ್ಥಿತಿಯ ಪ್ರಮಾಣಪತ್ರವನ್ನು.

ಕೆಲವು ವಾರಗಳ ನಂತರ ಬಂದ ಆ ಒಂದು ಪುಟದ ಪತ್ರವನ್ನು ನೋಡಿ ಮನೆಯಲ್ಲಿ ಎಲ್ಲರೂ ನಕ್ಕರು. ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ವರ್ಷ 1934, ಅವಿವಾಹಿತ. ಹೆಂಡತಿ, ಮಗ, ಮೊಮ್ಮಕ್ಕಳು, ಮರಿಮಗಳು ಎಲ್ಲರನ್ನೂ ಒಂದೇ ಊಟದ ಮೇಜಿನ ಸುತ್ತ ಕೂರಿಸಿಕೊಂಡಿದ್ದ ಮನುಷ್ಯ ಗ್ರೀಸ್ ಸರ್ಕಾರದ ಲೆಕ್ಕದಲ್ಲಿ ಒಂಟಿ ಮುದುಕ. ಅವರು ದೇಶ ಬಿಟ್ಟ ಮೇಲೆ ನಡೆದ ಯಾವ ಶುಭಕಾರ್ಯವನ್ನೂ ಯಾರೂ ಅಲ್ಲಿಗೆ ತಿಳಿಸಿರಲಿಲ್ಲ. ವಿದೇಶದಲ್ಲಿ ನಡೆದ ಜನನ, ವಿವಾಹ, ಮರಣಗಳನ್ನು ಬರೆದುಕೊಳ್ಳಲು ಅಥೆನ್ಸ್‌ನಲ್ಲಿ ಒಂದು ವಿಶೇಷ ನೋಂದಣಿ ಕಚೇರಿ ಇದೆ. ಪಪ್ಪೂ ಅವರ ಮದುವೆ, ನನ್ನ ಮಾವನವರ ಜನನ, ಅವರ ಮದುವೆ, ನನ್ನ ಪತಿಯ ಜನನ, ನಮ್ಮ ಮದುವೆ, ಕೊನೆಗೆ ಮಗಳ ಜನನ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಎಲ್ಲವನ್ನೂ ಅಲ್ಲಿ ದಾಖಲಿಸಿ, ಬಳಿಕ ಕಲಾಮಾತಾದ ಕುಟುಂಬ ಪುಟಕ್ಕೆ ಏರಿಸಬೇಕಿತ್ತು.

ಪಪ್ಪೂ ನಗಲಿಲ್ಲ. ಪುಟವನ್ನು ಕನ್ನಡಕದ ಹತ್ತಿರ ಹಿಡಿದು ಓದಿ, ತಂಗಿಯರದ್ದು ಇದೆಯೇ ಎಂದು ಮಾತ್ರ ಕೇಳಿದರು.

ಆ ಪ್ರಶ್ನೆ ಏಕೆ ಬಂತೆಂದು ತಿಳಿಯಲು ಅವರೊಂದಿಗೆ ಅನೇಕ ಮಧ್ಯಾಹ್ನಗಳನ್ನು ಕಳೆಯಬೇಕಾಯಿತು. ಮೆಲ್ಬರ್ನ್‌ನಲ್ಲಿ ಅದು ಲಾಕ್‌ಡೌನ್ ಕಾಲ. ಮನೆಯಿಂದ ಐದು ಕಿಲೋಮೀಟರ್ ಮೀರಿ ಹೋಗುವಂತಿರಲಿಲ್ಲ, ಒಬ್ಬರ ಮನೆಯೊಳಗೆ ಇನ್ನೊಬ್ಬರು ಕಾಲಿಡುವಂತಿರಲಿಲ್ಲ. ಅವರ ಮನೆ ನಮಗೆ ಹತ್ತಿರವೇ ಇದ್ದುದರಿಂದ ನಿರ್ಬಂಧ ಸಡಿಲವಾದಾಗಲೆಲ್ಲ ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಅವರ ಹಿತ್ತಲಿಗೆ ಹೋಗಿ, ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳುತ್ತಿದ್ದೆ. ಅವರ ಇಂಗ್ಲಿಷ್ ಕಾರ್ಖಾನೆಯಲ್ಲಿ ಕಲಿತದ್ದು, ನನ್ನ ಗ್ರೀಕ್ ಅಡುಗೆಮನೆಯಲ್ಲಿ ಕಲಿತದ್ದು. ಸಿಕ್ಕಿಹಾಕಿಕೊಂಡ ಕಡೆ ಯಾಯಾ ಬಿಡಿಸುತ್ತಿದ್ದರು, ಎಷ್ಟೋ ಸಲ ತಿದ್ದುತ್ತಲೂ ಇದ್ದರು.

ಅಂತರ್ಯುದ್ಧದ ವರ್ಷಗಳಲ್ಲಿ, 1947ರಲ್ಲಿ, ಪಪ್ಪೂ ಅವರ ತಂದೆ ತೀರಿಕೊಂಡರು. ಹೇಗೆ, ಯಾರ ಕೈಯಲ್ಲಿ ಎಂಬುದನ್ನು ಅವರು ಕೊನೆಯವರೆಗೂ ಹೇಳಲಿಲ್ಲ. ಆ ಕಾಲದ ಗ್ರೀಕರಲ್ಲಿ ಈ ಮೌನ ಅಪರೂಪವಲ್ಲವಾದ್ದರಿಂದ ನಾನೂ ಒತ್ತಾಯಿಸಲಿಲ್ಲ. ಹದಿಮೂರನೆಯ ವಯಸ್ಸಿಗೆ ಮನೆಯ ಹಿರಿಯ ಗಂಡಸಾದವರ ಮುಂದೆ ತಾಯಿ, ಮೂವರು ತಂಗಿಯರು, ಇಳಿಜಾರಿನ ಕಲ್ಲುನೆಲದಲ್ಲಿ ಒಂದಿಷ್ಟು ಆಲಿವ್ ಮರಗಳಿದ್ದವು. ಗ್ರೀಸ್‌ನಲ್ಲಿ ವರದಕ್ಷಿಣೆ ಆಗ ಬರೀ ಸಂಪ್ರದಾಯವಾಗಿರದೆ ಕಾನೂನಿನಲ್ಲೇ ಇತ್ತು. ಅದನ್ನು ಕಾನೂನಿನಿಂದ ತೆಗೆದದ್ದು 1983ರ ಕುಟುಂಬ ಕಾಯಿದೆಯ ತಿದ್ದುಪಡಿ. ತಂದೆ ಇಲ್ಲದ ಮನೆಯಲ್ಲಿ ತಂಗಿಯರನ್ನು ದಡ ಸೇರಿಸುವುದು ಅಣ್ಣನ ಹೊಣೆ, ಅವರ ಮದುವೆ ಮುಗಿಯುವವರೆಗೆ ಅವನು ತನ್ನ ಮದುವೆಯ ಮಾತೆತ್ತುವಂತಿಲ್ಲ. ಇದನ್ನು ನನಗೆ ವಿವರಿಸಿ ಹೇಳಲು ಪಪ್ಪೂ ಹೊರಟಾಗ, ಬಿಡಿ, ಅರ್ಥವಾಯಿತು ಎಂದೆ. ನಮ್ಮ ದೊಡ್ಡಪ್ಪನ ಕಥೆಯೂ ಅದೇ.

1952ರಲ್ಲಿ ಆಸ್ಟ್ರೇಲಿಯಾ ಮತ್ತು ಗ್ರೀಸ್ ನಡುವೆ ವಲಸೆಯ ಒಪ್ಪಂದವಾಗಿತ್ತು. ಪ್ರಯಾಣದ ಖರ್ಚಿನ ಬಹುಪಾಲನ್ನು ಭರಿಸಿ ಕರೆಸಿಕೊಳ್ಳುತ್ತಿದ್ದರು. ಬದಲಿಗೆ ಎರಡು ವರ್ಷ ಅವರು ಹೇಳಿದ ಕೆಲಸ ಮಾಡಬೇಕು. ಆಯ್ಕೆಯ ದಿನ ಎದೆಯ ಎಕ್ಸ್‌ರೇ ತೆಗೆದರಂತೆ, ಹಲ್ಲು ನೋಡಿದರಂತೆ, ಒಬ್ಬ ಅಧಿಕಾರಿ ಅಂಗೈ ತಿರುಗಿಸಿ ಹೆಬ್ಬೆರಳಿನಿಂದ ಒತ್ತಿ ನೋಡಿ ತಲೆಯಾಡಿಸಿದನಂತೆ. ಇದನ್ನು ಹೇಳುವಾಗ ಪಪ್ಪೂ ನನ್ನ ಅಂಗೈಯನ್ನೇ ಹಿಡಿದು ಒತ್ತಿ ತೋರಿಸಿ, ನೀನಾಗಿದ್ದರೆ ಹಿಂದೆ ಕಳಿಸುತ್ತಿದ್ದರು ಎಂದು ನಕ್ಕರು. ಅವರು ತಮಾಷೆಗೆ ಹೇಳಿದ್ದು ಇನ್ನೊಂದು ಅರ್ಥದಲ್ಲಿ ನಿಜವೇ ಆಗಿತ್ತು. ಬಿಳಿಯರಲ್ಲದವರನ್ನು ದೂರವಿಡುವ ಆಸ್ಟ್ರೇಲಿಯಾದ ನೀತಿ ಆಗ ಜಾರಿಯಲ್ಲಿತ್ತು, ಪೂರ್ತಿ ಕೊನೆಗೊಂಡದ್ದು 1973ರಲ್ಲಿ. ಪಪ್ಪೂ ಅರ್ಜಿ ಹಾಕಿದ ವರ್ಷವೇ ಸಾಗರದಿಂದ ನನ್ನ ಅಜ್ಜ ಅರ್ಜಿ ಹಾಕಿದ್ದರೆ ಅಂಗೈ ನೋಡುವ ಹಂತದವರೆಗೂ ಅದು ಹೋಗುತ್ತಿರಲಿಲ್ಲ.

ಅವರು ಪಿರೇಯಸ್ ಬಂದರಿನಲ್ಲಿ ‘ಪಾತ್ರಿಸ್’ ಹಡಗು ಹತ್ತಿದ್ದು 1961ರ ಆರಂಭದಲ್ಲಿ. ಚಾಂಡ್ರಿಸ್ ಕಂಪನಿಯ ಆ ಹಡಗು 1959ರ ಕೊನೆಯಿಂದ ಗ್ರೀಕರನ್ನು ಆಸ್ಟ್ರೇಲಿಯಾಕ್ಕೆ ಸಾಗಿಸುತ್ತಿತ್ತು. ಮೆಲ್ಬರ್ನ್‌ನ ಗ್ರೀಕ್ ಮನೆಗಳಲ್ಲಿ ಆ ಹೆಸರು ಕೇಳದ ಮಕ್ಕಳಿಲ್ಲ. ಸುಯೆಜ್ ಕಾಲುವೆ ದಾಟಿ, ಫ್ರೀಮ್ಯಾಂಟಲ್ ಮುಟ್ಟಿ, ಮೆಲ್ಬರ್ನ್‌ನ ಸ್ಟೇಷನ್ ಪಿಯರ್‌ನಲ್ಲಿ ಇಳಿದವರನ್ನು ರೈಲಿನಲ್ಲಿ ಬೊನೆಗಿಲ್ಲಾ ಶಿಬಿರಕ್ಕೆ ಕರೆದೊಯ್ದರು. 1947ರಿಂದ 1971ರವರೆಗೆ ಮೂರು ಲಕ್ಷಕ್ಕೂ ಹೆಚ್ಚು ವಲಸಿಗರು ತಂಗಿ ಹೋದ, ಸೈನ್ಯ ಬಿಟ್ಟುಕೊಟ್ಟ ತಗಡಿನ ಬ್ಯಾರಕ್‌ಗಳ ಶಿಬಿರ ಅದು. ಆ ವರ್ಷ ಆಸ್ಟ್ರೇಲಿಯಾದಲ್ಲಿ ಸಾಲ ಸಿಗುವುದು ಬಿಗಿಯಾಗಿದ್ದರಿಂದ ಕಾರ್ಖಾನೆಗಳು ಜನರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಕೆಲಸ ಕೊಡಿ ಎಂದು ಶಿಬಿರದಲ್ಲಿ ಜುಲೈ ತಿಂಗಳಲ್ಲಿ ಗಲಭೆಯೇ ಆಯಿತು. ಪಪ್ಪೂ ಅಷ್ಟರಲ್ಲಿ ಅಲ್ಲಿರಲಿಲ್ಲ. ದ್ರಾಕ್ಷಿ ಕೊಯ್ಲಿಗೆ ಆಳು ಬೇಕೆಂದು ಯಾರೋ ಹೇಳಿದ್ದೇ ತಡ, ಮಿಲ್ಡ್ಯೂರಾಕ್ಕೆ ಹೋಗಿಬಿಟ್ಟಿದ್ದರು. ಶಿಬಿರದ ಬಗ್ಗೆ ಅವರಿಗಿದ್ದ ದೂರು ಒಂದೇ, ಮೂರು ಹೊತ್ತೂ ಕುರಿಯ ಕೊಬ್ಬಿನ ವಾಸನೆ. ಆಲಿವ್ ಎಣ್ಣೆ ಬಿಟ್ಟು ಬೇರೆ ಜಿಡ್ಡು ತಿಂದು ಗೊತ್ತಿಲ್ಲದ ಜನ.

ಇಷ್ಟು ಅವರ ಬಾಯಿಂದ ಬಂದದ್ದು. ಕಾಗದದಲ್ಲಿ ಏನಿದೆ ಎಂದು ನೋಡಲು ಆಸ್ಟ್ರೇಲಿಯಾದ ರಾಷ್ಟ್ರೀಯ ಪತ್ರಾಗಾರದ ಅಂತರಜಾಲ ಸೂಚಿಯಲ್ಲಿ ಹುಡುಕಿದೆ. ವಲಸಿಗರ ಆಯ್ಕೆಯ ಕಡತಗಳು, ಹಡಗಿನ ಪ್ರಯಾಣಿಕರ ಚೀಟಿಗಳು, ಪೌರತ್ವದ ಅರ್ಜಿಗಳು ಅಲ್ಲಿವೆ. ಹೆಸರು ಹಾಕಿದರೆ ಸಿಗುತ್ತವೆ, ಆದರೆ ಆ ಕಾಲದ ಗುಮಾಸ್ತ ಬರೆದ ಹೆಸರನ್ನೇ ಹಾಕಬೇಕು. ಗ್ರೀಕ್ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಇಂಗ್ಲಿಷ್‌ಗೆ ಇಳಿಸಿದ್ದರು. ದಿಮಿತ್ರಿಯೋಸ್ ಎಂಬ ಹೆಸರಿನವರೆಲ್ಲ ಇಲ್ಲಿ ಜಿಮ್ ಆದರು, ಪಪ್ಪೂ ಕೂಡ. ಕುಲನಾಮದ ಕಾಗುಣಿತವನ್ನು ಬದಲಿಸಿ ಬದಲಿಸಿ ನೋಡಿದ ಮೇಲೆ ಕಡತ ಸಿಕ್ಕಿತು. ಅದು ಸಾರ್ವಜನಿಕರಿಗೆ ತೆರೆದುಕೊಡಲು ಯೋಗ್ಯವೇ ಎಂದು ಪತ್ರಾಗಾರದವರು ಇನ್ನೂ ಪರಿಶೀಲಿಸಿರಲಿಲ್ಲವಾದ್ದರಿಂದ ಕೋರಿಕೆ ಸಲ್ಲಿಸಿ ಬಹಳ ಕಾಲ ಕಾಯಬೇಕಾಯಿತು. ಬಂದ ಪ್ರತಿಯಲ್ಲಿ ಕೂದಲು ಹಿಂದಕ್ಕೆ ಬಾಚಿದ ತೆಳ್ಳನೆಯ ಯುವಕನ ಭಾವಚಿತ್ರವಿತ್ತು. ವೃತ್ತಿ: ರೈತ. ಅವಲಂಬಿತರು: ಇಲ್ಲ.

ಅವಲಂಬಿತರು ಇಲ್ಲ ಎಂಬ ಆ ನಮೂದು ಎಷ್ಟು ಸುಳ್ಳೆಂಬುದಕ್ಕೆ ಪುರಾವೆ ಯಾಯಾ ಅವರ ಹೊಲಿಗೆ ಯಂತ್ರದ ಖಾನೆಯಲ್ಲಿತ್ತು. ಮದುವೆಯ ಪ್ರಮಾಣಪತ್ರ ಹುಡುಕಲೆಂದು ಅದನ್ನು ತೆರೆದಾಗ, ಗುಂಡಿಗಳ ಡಬ್ಬಿ ಮತ್ತು ಬಾಬಿನ್‌ಗಳ ಕೆಳಗೆ, ವರ್ಷಕ್ಕೊಂದರಂತೆ ರಬ್ಬರ್ ಬ್ಯಾಂಡ್ ಹಾಕಿದ ರಸೀದಿಗಳ ಕಟ್ಟುಗಳು ಸಿಕ್ಕವು. ರಬ್ಬರ್ ಒಣಗಿ ಕಾಗದಕ್ಕೇ ಅಂಟಿಕೊಂಡಿತ್ತು, ಮುಟ್ಟಿದರೆ ಪುಡಿಯಾಗುತ್ತಿತ್ತು. ಪ್ರತಿಯೊಂದೂ ಮೆಲ್ಬರ್ನ್‌ನಿಂದ ಕಲಾಮಾತಾಕ್ಕೆ ತಾಯಿಯ ಹೆಸರಿಗೆ ಕಳಿಸಿದ ಹಣದ ರಸೀದಿ. ಕೆಲವದರ ಹಿಂದೆ ಪೆನ್ಸಿಲ್‌ನಲ್ಲಿ ಲೆಕ್ಕ ಬರೆದಿತ್ತು: ಕಂಬಳಿ, ಹಾಸಿಗೆ ಹೊದಿಕೆ, ತಾಮ್ರದ ಪಾತ್ರೆ, ಮಂಚ. ಕಲಾಮಾತಾದ ಗುಮಾಸ್ತರೊಬ್ಬರು ನಮ್ಮ ಕೋರಿಕೆಯ ಮೇಲೆ ತಂಗಿಯರ ವಿವಾಹದ ನಮೂದುಗಳನ್ನೂ ಕಳಿಸಿದ್ದರು: 1963, 1965, 1967. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಮದುವೆಯ ಹಿಂದಿನ ತಿಂಗಳುಗಳಲ್ಲಿ ಮೊತ್ತ ಏರುತ್ತಿತ್ತು. ಮದುವೆ ಮುಗಿದ ತಿಂಗಳೂ ನಿಲ್ಲದೆ, ಮುಂದಿನವಳಿಗಾಗಿ ಮತ್ತೆ ಕೆಳಗಿನಿಂದ ಶುರುವಾಗುತ್ತಿತ್ತು. ಪಪ್ಪೂ ಅವರ ಸ್ವಂತ ಮದುವೆ 1968ರಲ್ಲಿ. ಆಗ ಅವರಿಗೆ ಮೂವತ್ತನಾಲ್ಕು.

ಅವರನ್ನು ಕುಟುಂಬಕ್ಕಾಗಿ ಬದುಕಿದವರು ಎಂದು ಹೊಗಳುವವರು ಬಹಳ ಜನ. ಆ ಹೊಗಳಿಕೆಯಲ್ಲಿ ಯಾಯಾ ಅವರ ಪಾಲು ಬಿಟ್ಟುಹೋಗುತ್ತದೆ ಎಂಬುದು ನನ್ನ ತಕರಾರು. ಪಕ್ಕದ ಹಳ್ಳಿಯ ಅವರನ್ನು ಭಾವಚಿತ್ರ ನೋಡಿ ಗೊತ್ತುಮಾಡಿದ್ದು 1965ರಲ್ಲಿ. ಕಿರಿಯ ತಂಗಿಯ ಮದುವೆಯಾಗುವವರೆಗೆ ಕಾಯಬೇಕು ಎಂದು ಮೊದಲ ಕಾಗದದಲ್ಲೇ ಬರೆದಿದ್ದರಂತೆ. ಅವರು ಕಾದರು. ಹೊರಟಾಗ 1967ರ ಯುದ್ಧದಿಂದ ಸುಯೆಜ್ ಕಾಲುವೆ ಮುಚ್ಚಿಹೋಗಿತ್ತು, ಹಡಗು ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿಕೊಂಡು ಬಂತು. ನಿಮ್ಮ ಪಪ್ಪೂ ಹತ್ತಿರದ ದಾರಿಯಲ್ಲಿ ಬಂದ, ನನಗೆ ದೂರದ ದಾರಿ ಎಂದು ಇವತ್ತಿಗೂ ಹೇಳುತ್ತಾರೆ. ಮೆಲ್ಬರ್ನ್‌ಗೆ ಬಂದ ಮೇಲೆ ಬಟ್ಟೆ ಕಾರ್ಖಾನೆಯವರು ಮನೆಗೇ ತಂದು ಹಾಕುತ್ತಿದ್ದ ಅಂಗಿಯ ಕಾಲರ್‌ಗಳನ್ನು ಒಂದಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ರಾತ್ರಿ ಹೊತ್ತು ಹೊಲಿದರು. 1968ರ ನಂತರದ ರಸೀದಿಗಳಲ್ಲಿ, ಅತ್ತೆಯ ಔಷಧಕ್ಕೂ ಮನೆಯ ಚಾವಣಿಗೂ ಹೋದ ಹಣದಲ್ಲಿ, ಆ ಕಾಲರ್‌ಗಳದ್ದೂ ಇದೆ.

ಮಾವನವರು ಹುಟ್ಟಿದ್ದು 1969ರಲ್ಲಿ. ಬಾಲ್ಯದ ಅಪ್ಪನೆಂದರೆ ಹಗಲಿನಲ್ಲಿ ಪರದೆ ಎಳೆದುಕೊಂಡು ಮಲಗಿರುವ ಒಂದು ದೇಹ ಎಂದು ಅವರು ಒಮ್ಮೆ ನನ್ನೊಂದಿಗೆ ಹೇಳಿದ್ದರು. ರಾತ್ರಿ ಪಾಳಿಗೆ ಕೂಲಿ ಹೆಚ್ಚು. ಬ್ಯಾಂಕಿಗೆ, ವೈದ್ಯರ ಬಳಿಗೆ, ಮನೆ ಸಾಲದ ಕಚೇರಿಗೆ ಹೋಗುವಾಗ ಮಾತ್ರ ಅಪ್ಪ ಎಂಟು ವರ್ಷದ ಮಗನನ್ನು ಕರೆದುಕೊಂಡು ಹೋಗುತ್ತಿದ್ದರು, ಇಂಗ್ಲಿಷ್ ಮಾತಾಡಲಿಕ್ಕೆ. ನಿವೃತ್ತಿಯ ನಂತರ ಮೊಮ್ಮಗನಿಗೆ ಸಿಕ್ಕ ಪಪ್ಪೂ ಬೇರೆಯೇ ಮನುಷ್ಯ: ಬೆಳಿಗ್ಗೆ ಶಾಲೆಗೆ ಬಿಟ್ಟು, ಮಧ್ಯಾಹ್ನ ಗೇಟಿನ ಬಳಿ ಎಲ್ಲರಿಗಿಂತ ಮೊದಲು ಬಂದು ನಿಂತು, ದಾರಿಯುದ್ದಕ್ಕೂ ಹಳ್ಳಿಯ ಗ್ರೀಕ್‌ನಲ್ಲಿ ಮಾತಾಡಿಸಿದವರು. ನನ್ನ ಪತಿಯ ಗ್ರೀಕ್ ಉಚ್ಚಾರವನ್ನು ಕೇಳಿ ಅಥೆನ್ಸ್‌ನ ಟ್ಯಾಕ್ಸಿಯವರು ನಗುವುದಕ್ಕೆ ಕಾರಣ ಅದೇ. ಮಗನಿಗೆ ಕೊಡಲಾಗದ ಸಮಯವನ್ನು ಮೊಮ್ಮಗನಿಗೆ ಕೊಟ್ಟರು ಎಂದು ಮಾವನವರು ಹೇಳುವಾಗ ಅದರಲ್ಲಿ ಸಂತೋಷವೂ ಇರುತ್ತದೆ, ಸ್ವಲ್ಪ ಬೇಸರವೂ ಇರುತ್ತದೆ.

ಇನ್ನು ಅರ್ಜಿಯ ವಿಷಯ. ಆಸ್ಟ್ರೇಲಿಯಾದ ಪ್ರತಿಯೊಂದು ಪ್ರಮಾಣಪತ್ರಕ್ಕೂ ಇಲ್ಲಿನ ವಿದೇಶಾಂಗ ಇಲಾಖೆಯಿಂದ, ಕಾಗದ ಅಸಲಿ ಎಂದು ಬೇರೆ ದೇಶಕ್ಕೆ ದೃಢಪಡಿಸುವ ಅಪೊಸ್ಟೀಲ್ ಮುದ್ರೆ ಹಾಕಿಸಿ, ಮಾನ್ಯತೆ ಪಡೆದವರಿಂದ ಗ್ರೀಕ್‌ಗೆ ಅನುವಾದ ಮಾಡಿಸಬೇಕು. ಅದಕ್ಕೆ ಹಣ ಹಿಡಿಯುತ್ತದೆ, ತಲೆ ಬೇಕಾಗಿಲ್ಲ. ತಲೆ ಬೇಕಾದದ್ದು ಎರಡು ಕಡೆ. ಗ್ರೀಸ್‌ನಲ್ಲಿ ನಾಗರಿಕ ವಿವಾಹಕ್ಕೆ ಮಾನ್ಯತೆ ಬಂದದ್ದು 1982ರಲ್ಲಿ. ಅದಕ್ಕೆ ಹಿಂದಿನ ಮದುವೆ ಚರ್ಚಿನಲ್ಲಿ ಆಗಿರಬೇಕು. ಪಪ್ಪೂ ಮತ್ತು ಯಾಯಾ ಅವರ ಮದುವೆ ಗ್ರೀಕ್ ಆರ್ಥೊಡಾಕ್ಸ್ ವಿಧಿಯಲ್ಲೇ ನಡೆದಿತ್ತು. ಆ ಮಾತು ಸರ್ಕಾರಿ ಪ್ರಮಾಣಪತ್ರದಲ್ಲಿ ಸ್ಪಷ್ಟವಾಗಿ ನಮೂದಾಗಿದ್ದುದರಿಂದ ಪಾರಾದೆವು. ಸಾಗರದಲ್ಲಿ ನಡೆದ ನಮ್ಮ ಧಾರೆಯನ್ನು ಯಾರೂ ಕೇಳಲಿಲ್ಲ, ಮೆಲ್ಬರ್ನ್‌ನಲ್ಲಿ ನೋಂದಾಯಿಸಿದ ಮದುವೆಯೇ ಸಾಕಾಯಿತು. ಎರಡನೆಯದು ಹೆಸರು. ಗ್ರೀಕರಲ್ಲಿ ಮೊದಲ ಗಂಡು ಮಗುವಿಗೆ ತಂದೆಯ ತಂದೆಯ ಹೆಸರಿಡುವುದು ರೂಢಿ. ನನ್ನ ಪತಿಯ ಹೆಸರೂ ಪಪ್ಪೂ ಅವರ ಹೆಸರೂ ಅಕ್ಷರಶಃ ಒಂದೇ. ಒಂದು ಕಚೇರಿಯಲ್ಲಿ ಅಜ್ಜನ ಮದುವೆಯ ಕಾಗದವನ್ನು ಮೊಮ್ಮಗನ ಕಡತಕ್ಕೆ ಸೇರಿಸಿ, 1992ರಲ್ಲಿ ಹುಟ್ಟಿದವನು 1968ರಲ್ಲಿ ಮದುವೆಯಾಗಿರುವುದು ಹೇಗೆ ಎಂದು ನಮ್ಮನ್ನೇ ಕೇಳಿದರು. ಜೊತೆಗೆ ಇಲ್ಲಿನ ಮದುವೆಯ ದಾಖಲೆಯಲ್ಲಿ ಪಪ್ಪೂ ಹುಟ್ಟಿದ ವರ್ಷ 1936 ಎಂದಿತ್ತು, ಗ್ರೀಸ್‌ನ ಗಂಡಸರ ದಫ್ತರದಲ್ಲಿ 1934. ಆ ದಫ್ತರವನ್ನು ಇಟ್ಟಿದ್ದೇ ಸೈನ್ಯಕ್ಕೆ ಸೇರಿಸಲು, ಆದ್ದರಿಂದ ಗ್ರೀಸ್‌ನವರು ಅದನ್ನೇ ನಂಬುತ್ತಾರೆ. ಎರಡೂ ದಾಖಲೆಗಳಲ್ಲಿರುವ ಪಪ್ಪೂ ಒಬ್ಬರೇ ಎಂದು ಪ್ರಮಾಣ ಮಾಡಿದ ಹೇಳಿಕೆಗಳ ಮೂಲಕ ಅದನ್ನು ಸರಿಪಡಿಸಿಕೊಳ್ಳಬೇಕಾಯಿತು.

ಮದುವೆಯ ನೋಂದಣಿಗೆ ಸಹಿ ಹಾಕಲು ಪಪ್ಪೂ 2022ರಲ್ಲಿ ದೂತಾವಾಸಕ್ಕೆ ಬಂದದ್ದು ಸೂಟು, ಟೈ ಧರಿಸಿ. ಗ್ರೀಕ್ ಬರಹದಲ್ಲಿದ್ದ ಹಳೆಯ ಸ್ವರಚಿಹ್ನೆಗಳನ್ನು 1982ರಲ್ಲೇ ಕೈಬಿಟ್ಟಿದ್ದಾರೆ. ಅದಕ್ಕೂ ಇಪ್ಪತ್ತು ವರ್ಷ ಮೊದಲೇ ದೇಶ ಬಿಟ್ಟಿದ್ದ ಅವರು ಅರ್ಜಿಯ ಪ್ರತಿ ಸಾಲಿನಲ್ಲೂ ಒಂದೊಂದಾಗಿ ಆ ಚಿಹ್ನೆಗಳನ್ನು ಹಾಕಿದರು. ಕಿಟಕಿಯ ಆಚೆಗಿದ್ದ ಯುವತಿ ಅವಸರ ಮಾಡದೆ ಕಾದಳು. 2023ರ ಚಳಿಗಾಲದಲ್ಲಿ ಅವರು ತೀರಿಕೊಂಡಾಗ ಆ ಮದುವೆ ಅಥೆನ್ಸ್‌ನಲ್ಲಿ ದಾಖಲಾಗಿತ್ತು, ಉಳಿದ ಮೆಟ್ಟಿಲುಗಳು ಬಾಕಿಯಿದ್ದವು. ನಲವತ್ತನೆಯ ದಿನದ ಪ್ರಾರ್ಥನೆಗೆ ಯಾಯಾ ಗೋಧಿ ಬೇಯಿಸಿ, ಬಟ್ಟೆಯ ಮೇಲೆ ಹರವಿ ಆರಿಸಿ, ದಾಳಿಂಬೆ, ಬಾದಾಮಿ, ಒಣದ್ರಾಕ್ಷಿ ಬೆರೆಸಿ, ಮೇಲೆ ಸಕ್ಕರೆ ಪುಡಿ ಒತ್ತಿ ಚರ್ಚಿಗೆ ಒಯ್ದರು. ಗೋಧಿ ಒದ್ದೆಯಾಗಿದ್ದರೆ ಸಕ್ಕರೆ ಕರಗಿ ಕೆಡುತ್ತದೆ ಎಂದು ರಾತ್ರಿಯಿಡೀ ಎದ್ದೆದ್ದು ಕೈಯಾಡಿಸಿ ನೋಡುತ್ತಿದ್ದರು.

ಅದಾದ ಮೇಲೆ ಎದ್ದದ್ದು ಜಮೀನಿನ ಪ್ರಶ್ನೆ. ಗ್ರೀಸ್‌ನಲ್ಲಿ ಆಗ ಇಡೀ ದೇಶದ ಭೂಮಿಯನ್ನು ಹೊಸ ಭೂ ದಾಖಲೆಗೆ ಸೇರಿಸುತ್ತಿದ್ದರು, ಒಡೆತನವಿದ್ದವರು ತಾವಾಗಿ ಘೋಷಿಸಿಕೊಳ್ಳಬೇಕಿತ್ತು. ಹಳ್ಳಿಯ ಆಲಿವ್ ತೋಟದಲ್ಲಿ ಪಪ್ಪೂ ಅವರ ಪಾಲು ಹಳೆಯ ದಾಖಲೆಯಲ್ಲಿ ಇನ್ನೂ ಅವರ ಹೆಸರಿನಲ್ಲೇ ಇತ್ತು; ಮಾವನವರಿಗೂ ನಮಗೂ ಅದು ಹೊಸ ಸಂಗತಿ. ಕಲಾಮಾತಾದಲ್ಲಿರುವ ಕಿರಿಯ ಅಜ್ಜಿಗೆ, ಅಂದರೆ ಪಪ್ಪೂ ಅವರ ಕೊನೆಯ ತಂಗಿಗೆ, ಫೋನ್ ಮಾಡಿದಾಗ ಅವರ ಮಗ ಒಂದು ಕಾಗದದ ಚಿತ್ರ ಕಳಿಸಿದ. 1967ರಲ್ಲಿ ನೋಟರಿಯ ಮುಂದೆ ಆದ ವರದಕ್ಷಿಣೆಯ ಕರಾರು ಅದು. ಮೆಲ್ಬರ್ನ್‌ನ ದೂತಾವಾಸದಲ್ಲಿ ಮಾಡಿಸಿದ ಮುಖ್ತಿಯಾರ್ ನಾಮೆಯ ಮೂಲಕ ಪಪ್ಪೂ ತಮ್ಮ ಪಾಲಿನ ಮರಗಳನ್ನೆಲ್ಲ ಕೊನೆಯ ತಂಗಿಗೆ ಬರೆದುಕೊಟ್ಟಿದ್ದರು. ಹಣ ಕಳಿಸಿದ್ದಲ್ಲದೆ ನೆಲವನ್ನೂ ಕೊಟ್ಟಿದ್ದರು ಎಂಬುದು ಯಾಯಾ ಅವರಿಗೂ ಗೊತ್ತಿರಲಿಲ್ಲ. ಕರಾರನ್ನು ಆಗ ನೋಂದಣಿ ಪುಸ್ತಕಕ್ಕೆ ಏರಿಸಿರಲಿಲ್ಲ, ಅಷ್ಟೆ.

ಮನೆಯಲ್ಲಿ ಒಂದೆರಡು ವಾರ ಗಾಳಿ ಬಿಗಿಯಾಗಿತ್ತು. ಹೇಳಬಾರದಿತ್ತೇ ಎಂದು ಯಾಯಾ ಒಂದೇ ಸಲ ಅಂದರು, ಆಮೇಲೆ ಆ ಮಾತು ತೆಗೆಯಲಿಲ್ಲ. ನೋಂದಣಿಯಾಗದ ಕರಾರನ್ನು ಪ್ರಶ್ನಿಸಬಹುದು ಎಂದು ಸಂಬಂಧಿಕರೊಬ್ಬರು ಮಾವನವರ ಕಿವಿಯಲ್ಲಿ ಹೇಳಿದ್ದೂ ಉಂಟು. ಮಾವನವರು ಯಾರೊಂದಿಗೂ ಚರ್ಚಿಸದೆ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ದೂತಾವಾಸಕ್ಕೆ ಹೋಗಿ, ಆ ಪಾಲಿನ ಮೇಲೆ ತಮಗೆ ಯಾವ ಹಕ್ಕೂ ಇಲ್ಲವೆಂದೂ ಅದು ತಮ್ಮ ಸೋದರತ್ತೆಯದೆಂದೂ ಒಪ್ಪಿ ಕಾಗದ ಮಾಡಿಸಿ ಬಂದರು. ಶುಲ್ಕವನ್ನೂ ಅವರೇ ಕಟ್ಟಿದರು. ಯಾಯಾ ಅಂದು ರಾತ್ರಿ ಮಗನಿಗೆ ಇಷ್ಟವಾದ ಬದನೆಕಾಯಿಯ ಅಡುಗೆ ಮಾಡಿದ್ದರು.

ಮಗಳ ನೋಂದಣಿ ಮರುವರ್ಷ ಪೂರ್ತಿಯಾಯಿತು. ಕಲಾಮಾತಾದಿಂದ ಬಂದ ಹೊಸ ಪ್ರಮಾಣಪತ್ರಗಳಲ್ಲಿ ಪಪ್ಪೂ ಅವರ ಹೆಸರಿನ ಮುಂದೆ 1968ರ ವಿವಾಹವಿದೆ, ಕೆಳಗೆ ಯಾಯಾ ಮತ್ತು ಮಾವನವರಿದ್ದಾರೆ, ನಮ್ಮ ಮೂವರಿಗೆ ಬೇರೆ ಪುಟವಿದೆ. ಇನ್ನು ಉಳಿದಿರುವುದು ನನ್ನ ಪತಿಯ ಕೆಲಸ. ಗ್ರೀಕ್ ದಫ್ತರದಲ್ಲಿ ಹೆಸರು ಸೇರಿದ ಗಂಡಸರು ಕಡ್ಡಾಯ ಸೈನ್ಯ ಸೇವೆಯ ಪಟ್ಟಿಗೂ ಸೇರುತ್ತಾರಾದ್ದರಿಂದ, ತಾವು ಖಾಯಂ ಆಗಿ ವಿದೇಶದಲ್ಲಿರುವವರು ಎಂಬ ಪ್ರಮಾಣಪತ್ರವನ್ನು ಅವರು ದೂತಾವಾಸದಿಂದ ಪಡೆಯಬೇಕು. ಅದಕ್ಕೆ ಶಾಲೆಯ ದಾಖಲೆಗಳಿಂದ ಹಿಡಿದು ತೆರಿಗೆಯ ಪತ್ರಗಳವರೆಗೆ ಜೋಡಿಸುತ್ತಿದ್ದೇವೆ. ಪಪ್ಪೂ ಬಿಟ್ಟು ಬರುತ್ತಿದ್ದ ಆ ಪ್ರಾಥಮಿಕ ಶಾಲೆಯಿಂದ ಪತ್ರ ಬರುವುದು ಬಾಕಿಯಿದೆ.